ಹೊಗೆ ಧರ್ಮೇಶನ ಇಂಜಿನ್ನು

ಬಾಳೂರಿನ ಏರಿನಲ್ಲಿ, ಕೃಷ್ಣಪ್ಪಗೌಡರ ತೋಟದ ಗೇಟಿಗೆ ಇನ್ನು ಎರಡೇ ತಿರುವು ಎನ್ನುವಾಗ ಧರ್ಮೇಶನ ಬೈಕು ಒಮ್ಮೆ ಕೆಮ್ಮಿತು, ಎರಡು ಸಲ ಜಗ್ಗಿತು, ನಿಂತಿತು. ನಿಲ್ಲಲೇಬೇಕು ಎಂದಿದ್ದರೆ ಮನೆಯ ಅಂಗಳದಲ್ಲೇ ನಿಲ್ಲಬಹುದಿತ್ತು. ಇಳಿಜಾರಿನಲ್ಲಿ ನಿಂತಿದ್ದರೂ ಹೇಗೋ ಉರುಳಿಸಿಕೊಂಡು ಹೋಗಬಹುದಿತ್ತು. ಅಷ್ಟು ದಯೆ ದಾಕ್ಷಿಣ್ಯ ಇರುವ ಗಾಡಿಯಾಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅದು ಏರು ನೋಡಿಕೊಂಡೇ ನಿಂತಿತು.

ಧರ್ಮೇಶ ಕಿಕ್ಕರ್ ಒದ್ದ. ಹಿಂದಿನಿಂದ ನೀಲಿ ಹೊಗೆ ಬುಸ್ಸೆಂದು ಹೊರಟು ರಸ್ತೆಬದಿಯ ಕಾಫಿಗಿಡಗಳ ಮೇಲೆ ಹರಡಿತು. ಇನ್ನೊಮ್ಮೆ ಒದ್ದ. ಇನ್ನಷ್ಟು ಹೊಗೆ. ಅಷ್ಟರಲ್ಲಿ ಜೇಬಿನಲ್ಲಿದ್ದ ಫೋನು ಹೊಡೆದುಕೊಳ್ಳತೊಡಗಿತು.

“ಎಲ್ಲಿದ್ದೀಯಾ ಮಾರಾಯ? ಹಸು ಬೆಳಿಗ್ಗೆಯಿಂದ ಕೂಗಿ ಕೂಗಿ ಗಂಟಲು ಹರ್ಕೊಳ್ತಾ ಇದೆ,” ಎಂದರು ಕೃಷ್ಣಪ್ಪಗೌಡರು.

“ಬಂದೆ ಗೌಡ್ರೆ. ಗೇಟ್ ಹತ್ರನೇ ಇದ್ದೀನಿ.”

“ಆಗ ಫೋನ್ ಮಾಡಿದಾಗಲೂ ನೀನು ಗೇಟ್ ಹತ್ರನೇ ಇದ್ದೆ.”

ಧರ್ಮೇಶನ ಕೆಲಸವೇ ಅಂಥದ್ದು. ಜಾವಳಿ, ಬಾಳೂರು ಸುತ್ತಿನ ಕೊಟ್ಟಿಗೆಗಳಲ್ಲಿ ಬೆದೆಗೆ ಬಂದ ಹಸುಗಳಿಗೆ ಇಂಜೆಕ್ಷನ್ ಹಾಕಿ ಗಬ್ಬ ಕಟ್ಟಿಸುವವನು ಅವನು. ಜಾತಿ ಹೋರಿಗಳ ಬೀಜದ ಕಡ್ಡಿಗಳನ್ನು ತುಂಬಿದ, ಮಂಜುಗಡ್ಡೆಗಿಂತ ತಣ್ಣಗಿರುವ ಒಂದು ಕ್ಯಾನು ಸದಾ ಅವನ ಬೈಕಿನ ಬೆನ್ನಿಗೆ ಕಟ್ಟಿರುತ್ತದೆ. ಮುಚ್ಚಳ ತೆಗೆದರೆ ಅದರಿಂದಲೂ ಬಿಳಿ ಹೊಗೆ ಏಳುತ್ತದೆ. ಕ್ಯಾನಿನಲ್ಲೂ ಹೊಗೆ, ಬೈಕಿನಲ್ಲೂ ಹೊಗೆ ಎಂದು ಊರವರು ಅವನಿಗೆ ಹೊಗೆ ಧರ್ಮೇಶ ಎಂದು ಹೆಸರಿಟ್ಟು ಕೆಲವು ತಿಂಗಳಾಗಿತ್ತು. ಹೆಸರನ್ನು ಸಹಿಸಿಕೊಳ್ಳಬಹುದು. ಆದರೆ ಹಸುವಿನ ಬೆದೆ ಯಾರಿಗೂ ಕಾಯುವುದಿಲ್ಲ. ಆ ದಿನ ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು. ಅಷ್ಟು ದಿನ ಸುಮ್ಮನೆ ಹಿಂಡಿ, ಹುಲ್ಲು ಹಾಕಬೇಕಾದವನು ತನ್ನ ಹೊಟ್ಟೆಯುರಿಯನ್ನು ಧರ್ಮೇಶನ ತಲೆಯ ಮೇಲಲ್ಲದೆ ಇನ್ನೆಲ್ಲಿ ಸುರಿಯಬೇಕು?

ಬೈಕನ್ನು ಬೇಲಿಗೆ ಒರಗಿಸಿ, ಕ್ಯಾನನ್ನು ತೋಳಿಗೆ ನೇತುಹಾಕಿಕೊಂಡು ಅವನು ಏರು ಹತ್ತಿದ. ಬೆವರು ಒರೆಸಿಕೊಳ್ಳುತ್ತ ಗೌಡರ ಕೊಟ್ಟಿಗೆ ಮುಟ್ಟಿದಾಗ ಅಲ್ಲಿ ಕಳಸದ ಕಡೆಯ ಶಶಿಧರ್ ಬಕೆಟ್ಟಿನ ನೀರಿನಲ್ಲಿ ಕೈ ತೊಳೆಯುತ್ತಿದ್ದ. ಅವನದೂ ಇದೇ ಕಸುಬು. ಅಂಗಳದಲ್ಲಿ ಅವನ ಹೊಸ ಸ್ಕೂಟರು ಮದುವೆ ಗಂಡಿನ ಹಾಗೆ ಹೊಳೆಯುತ್ತ ನಿಂತಿತ್ತು.

“ಎಂತ ಧರ್ಮಣ್ಣ, ಗಾಡಿ ಮತ್ತೆ ಕೈ ಕೊಡ್ತಾ?” ಎಂದ ಶಶಿಧರ್. ಅಣಕವಿರಲಿಲ್ಲ, ನಿಜವಾದ ಮರುಕವೇ ಇತ್ತು. ಅದೇ ಧರ್ಮೇಶನಿಗೆ ಹೆಚ್ಚು ಉರಿಯಿತು.

ಗೌಡರು ಕಾಫಿ ಕೊಡಿಸಿದರು. “ನೋಡು ಧರ್ಮೇಶ, ನಿನ್ನ ಕೈಗುಣ ಚಲೋ. ಇಲ್ಲ ಅನ್ನಲ್ಲ. ಆದ್ರೆ ಕೈ ಇಲ್ಲಿಗೆ ಬಂದು ಮುಟ್ಬೇಕಲ್ಲ? ಇಂಜಿನ್ ರಿಪೇರಿ ಮಾಡಿಸು, ಇಲ್ಲಾ ಗಾಡಿ ಬದಲಾಯ್ಸು. ಎರಡ್ರಲ್ಲಿ ಒಂದು ಮಾಡು.”

ಎರಡರಲ್ಲಿ ಒಂದು! ಹೇಳುವವರಿಗೇನು, ಬಾಯಿಗೆ ಬಾಡಿಗೆಯಿಲ್ಲ.

ಅವನು ಬೈಕನ್ನು ತಳ್ಳಿಕೊಂಡು, ಇಳಿಜಾರಿನಲ್ಲಿ ಉರುಳಿಸಿಕೊಂಡು ಮನೆ ಸೇರುವಾಗ ಸಂಜೆಯಾಗಿತ್ತು. ಜಾವಳಿಯಲ್ಲಿ ಅವರದು ಒಂದಿಷ್ಟು ಕಾಫಿ, ಒಂದು ಗದ್ದೆ, ಒಂದು ಕೊಟ್ಟಿಗೆ ಇರುವ ಸಣ್ಣ ಹಿಡುವಳಿ. ಅಪ್ಪ ತಮ್ಮಯ್ಯ ಕೊಟ್ಟಿಗೆಯ ಮುಂದೆ ಹುಲ್ಲಿನ ಹೊರೆ ಬಿಚ್ಚುತ್ತಿದ್ದರು. ಪ್ರಾಯದಲ್ಲಿ ಒಂದು ದೊಡ್ಡ ಎಸ್ಟೇಟಿನಲ್ಲಿ ಟಪಾಲು, ಸಂತೆ ಸಾಮಾನು ತರುವ ಕೆಲಸ ಮಾಡಿಕೊಂಡಿದ್ದವರು. ಎಸ್ಟೇಟಿನ ಹಳೆಯ ಬೈಕನ್ನು ವರ್ಷಗಟ್ಟಲೆ ಓಡಿಸಿದ ಹೆಮ್ಮೆ ಅವರಿಗೆ ಇನ್ನೂ ಇಳಿದಿರಲಿಲ್ಲ. ಮಗನ ಗಾಡಿ ಉಸಿರುಗಟ್ಟಿಕೊಂಡು ಅಂಗಳಕ್ಕೆ ಬಂದದ್ದನ್ನು ನೋಡಿ ಹತ್ತಿರ ಬಂದರು.

“ಆಯಿಲ್ ಹಾಕ್ತಾ ಇದ್ದೀಯೇನಾ ಗಾಡಿಗೆ?”

ಈ ಒಂದು ಪ್ರಶ್ನೆಯನ್ನು ತಮ್ಮಯ್ಯ ಕೇಳದ ದಿನವಿರಲಿಲ್ಲ. ಬೆಳಿಗ್ಗೆ ಹೊರಡುವಾಗ ಕೇಳುತ್ತಿದ್ದರು, ಸಂಜೆ ಬಂದಾಗ ಕೇಳುತ್ತಿದ್ದರು. ಧರ್ಮೇಶ ಕ್ಯಾನು ಇಳಿಸಿದ, ಹೆಲ್ಮೆಟ್ಟನ್ನು ಜಗಲಿಯ ಮೇಲೆ ಎಸೆದ, ಒಳಗೆ ಹೋದ. ಊರೆಲ್ಲ ಒಂದೊಂದು ಬುದ್ಧಿ ಹೇಳುವಾಗ ಮನೆಯ ಹಿರಿಯರೂ ಒಂದು ಹೇಳಬೇಕಲ್ಲ, ಹೇಳಲಿ ಎಂದು ಬಿಟ್ಟುಬಿಟ್ಟಿದ್ದ.

ಹೆಂಡತಿ ಭವ್ಯ ಹಾಲಿನ ಸೊಸೈಟಿಯಲ್ಲಿ ಹಾಲು ಅಳೆಯುವವಳು. ಯಾರ ಹಸು ಕರು ಹಾಕಿತು, ಯಾರ ಹಸುವಿಗೆ ಯಾರು ಇಂಜೆಕ್ಷನ್ ಹಾಕಿದರು ಎನ್ನುವ ಸುದ್ದಿ ಅವಳಿಗೆ ಹಾಲಿನ ಜೊತೆಗೇ ಬಂದು ಬೀಳುತ್ತಿತ್ತು.

“ತುಂಗಮ್ಮನೋರೂ ಶಶಿಧರ್‌ಗೆ ಹೇಳಿ ಕಳ್ಸಿದಾರಂತೆ ರೀ,” ಎಂದಳು, ತಟ್ಟೆ ಇಡುತ್ತ. “ಹಿಂಗೇ ಆದ್ರೆ ನಿಮ್ಮ ಕ್ಯಾನಲ್ಲಿ ಸೌತೆಕಾಯಿ ತಣ್ಣಗಿಡಬಹುದು ಅಷ್ಟೇ. ಆ ಗಾಡಿ ಕೊಟ್ಟು ಬೇರೆ ತಗೊಳ್ಳಿ.”

“ತಗೊಳ್ಳೋದಕ್ಕೆ ಗಾಡಿ ಮರದಲ್ಲಿ ಬಿಡ್ತದಾ?”

“ಹಾಗಾದ್ರೆ ಇದನ್ನೇ ರಿಪೇರಿ ಮಾಡ್ಸಿ.”

“ಮಾಡ್ಸಿ ಮತ್ತೆ ಕೆಟ್ರೆ?”

“ಹಾಗಾದ್ರೆ ನಡ್ಕೊಂಡು ಹೋಗಿ,” ಎಂದು ಭವ್ಯ ಸಾರಿನ ಪಾತ್ರೆ ಕುಕ್ಕಿದಳು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಹೊಸ ಗಾಡಿ ಬೇಕೆಂದರೆ ದುಡಿಯಬೇಕು, ದುಡಿಯಬೇಕೆಂದರೆ ಗಾಡಿ ಓಡಬೇಕು, ಗಾಡಿಯೋ ಗೌಡರ ಗೇಟು ಕಂಡರೆ ಉಸಿರು ಬಿಡುತ್ತದೆ. ಧರ್ಮೇಶ ತಟ್ಟೆ ಸರಿಸಿ ಎದ್ದ.

ಮರುದಿನ ಕೊಟ್ಟಿಗೆಹಾರದ ಮಲ್ಲೇಶನ ಗ್ಯಾರೇಜಿಗೆ ಹೋದ. ಮಲ್ಲೇಶ ಶಾಲೆಯಲ್ಲಿ ಜೊತೆಗೆ ಕೂತವನು. ಬೈಕನ್ನು ಚಾಲೂ ಮಾಡಿ, ಹೊಗೆಯನ್ನು ನೋಡಿ, ಪ್ಲಗ್ ಬಿಚ್ಚಿ ತೋರಿಸಿದ. ಒಲೆಯ ಹಿಂದಿನ ಗೋಡೆಯಷ್ಟು ಮಸಿ ಅದಕ್ಕೆ ಹಿಡಿದಿತ್ತು.

“ರಿಂಗ್ ಹೋಗಿದೆ ಮಾರಾಯ. ಆಯಿಲ್ ಮೇಲೆ ಬಂದು ಉರೀತಾ ಇದೆ. ಇಂಜಿನ್ ಇಳಿಸಿ ಪಿಸ್ಟನ್, ರಿಂಗ್ ಎಲ್ಲ ಹೊಸದು ಹಾಕ್ಬೋದು. ಇಲ್ಲಾ, ಗುಜರಿಗೆ ಬಂದ ಗಾಡೀದು ಒಂದು ಇಂಜಿನ್ ಬಿದ್ದಿದೆ, ಅದನ್ನೇ ಕೂರಿಸ್ಬೋದು. ಇಲ್ಲಾ, ಗಾಡೀನೇ ಕೊಟ್ಬಿಡು.”

“ಯಾವ್ದು ಮಾಡ್ಲಿ ಹೇಳು.”

“ನಿನ್ನ ಗಾಡಿ, ನೀನೇ ಹೇಳ್ಬೇಕು.”

“ನಂಗೆ ಗೊತ್ತಿದ್ರೆ ನಿನ್ನ ಹತ್ರ ಯಾಕೆ ಬರ್ತಿದ್ದೆ?”

“ರಿಪೇರಿ ಮಾಡಿದ್ರೆ ಬರ್ತದೆ. ಎಷ್ಟು ದಿನ ಬರ್ತದೆ ಅಂತ ಬರ್ಕೊಡೋಕೆ ನಾನು ಬ್ರಹ್ಮನಾ?” ಎಂದು ಮಲ್ಲೇಶ ಬನಿಯನ್ನಿಗೆ ಕೈ ಒರೆಸಿಕೊಂಡ.

ಡಾಕ್ಟರನ್ನು ಕೇಳಿದರೂ ಇದೇ ಉತ್ತರ, ಜ್ಯೋತಿಷಿಯನ್ನು ಕೇಳಿದರೂ ಇದೇ ಉತ್ತರ. ಕೊನೆಗೆ ಧರ್ಮೇಶ ರಿಪೇರಿಗೇ ಒಪ್ಪಿದ. ಇದ್ದುದನ್ನು ಸರಿಮಾಡಿಕೊಳ್ಳುವುದು ಮನೆತನದ ಬುದ್ಧಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಇಂಜಿನ್ ಬಿಚ್ಚಿ ಕಟ್ಟಿ ಬೈಕು ಮನೆಗೆ ಬಂದಾಗ ತಮ್ಮಯ್ಯ ಊರಲ್ಲಿರಲಿಲ್ಲ. ಸಂಸೆಯಲ್ಲಿರುವ ಮಗಳು ಅರುಣಾಳ ಮಗುವಿಗೆ ಹೆಸರಿಡುವ ಶಾಸ್ತ್ರಕ್ಕೆ ಹೋದವರು ಮೊಮ್ಮಗುವಿನ ಮುಖ ನೋಡಿ ಅಲ್ಲೇ ಉಳಿದಿದ್ದರು. ಆ ದಿನಗಳು ಧರ್ಮೇಶನ ಪಾಲಿಗೆ ಹಬ್ಬ. ಬೈಕು ಹೊಗೆಯ ಹೆಸರೆತ್ತದೆ ಏರು ಹತ್ತಿತು. ತುಂಗಮ್ಮನ ಹಸುವಿಗೆ ಶಶಿಧರ್‌ಗಿಂತ ಮೊದಲೇ ಹೋಗಿ ಇಂಜೆಕ್ಷನ್ ಹಾಕಿ, ಅವರು ಕೊಟ್ಟ ಕಡುಬು ತಿಂದು ಬಂದ. ಗೌಡರೂ ಒಂದು ಸಲ ಕರೆದರು. ಮಲ್ಲೇಶ ದೇವರಂಥವನು ಎಂದು ನಾಲ್ಕು ಕಡೆ ಹೇಳಿದ.

ಅಪ್ಪ ಸಂಸೆಯಿಂದ ಬಸ್ಸಿಳಿದು ಬಂದ ದಿನ ಅಂಗಳದಲ್ಲೇ ನಿಂತು ಬೈಕಿನ ಟ್ಯಾಂಕನ್ನು ಕರುವಿನ ಮೈ ಸವರುವಂತೆ ಸವರಿದರು. “ಸರಿ ಆಯ್ತೇನಾ? ಆಯಿಲ್ ಹಾಕಿದ್ನಾ ಅವ್ನು?”

ಧರ್ಮೇಶ ಫೋನಿನಲ್ಲಿದ್ದ. ಸ್ವಲ್ಪ ತಡಿ ಎನ್ನುವಂತೆ ಕೈ ಎತ್ತಿದ. ಮಾತು ಮುಗಿದ ಮೇಲೆ ಅಪ್ಪ ಏನು ಕೇಳಿದ್ದರೆಂಬುದೇ ಅವನಿಗೆ ಮರೆತುಹೋಗಿತ್ತು.

ಆ ವಾರ ಕಳೆಯುವುದರೊಳಗೆ ಮತ್ತೆ ಹೊಗೆ. ಮೊದಲು ತೆಳ್ಳಗೆ, ಆಮೇಲೆ ಹಿಂದಿನಂತೆಯೇ ನೀಲಿಯಾಗಿ, ದಟ್ಟವಾಗಿ. ಏರಿನಲ್ಲಿ ಜಗ್ಗಾಟ, ಬೆಳಿಗ್ಗೆ ಚಾಲೂ ಆಗಲು ಹಟ. ಒಂದು ದಿನ ಬಾಳೂರು ಪೇಟೆಯ ನಡುವೆಯೇ ನಿಂತಿತು. ಹಿಂದಿದ್ದ ಜೀಪಿನವರೆಲ್ಲ ಹಾರ್ನ್ ಹೊಡೆದರು, ತೋಟದ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡು ನಕ್ಕರು. ಧರ್ಮೇಶನ ಸಿಟ್ಟು ನೆತ್ತಿಗೇರಿತು. ಬೈಕನ್ನು ಒಂದು ಪಿಕಪ್ಪಿಗೆ ಹಾಕಿಕೊಂಡು ನೇರ ಮಲ್ಲೇಶನ ಗ್ಯಾರೇಜಿಗೆ ಹೋಗಿ ಇಳಿಸಿದ.

“ಎಂತ ಹಾಕಿದ್ದೀಯಾ ಒಳಗೆ? ಹೊಸ ಪಿಸ್ಟನ್ನಾ, ಗುಜರೀದಾ?”

ಪಕ್ಕದ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಮಲ್ಲೇಶನ ಮುಖ ಕೆಂಪಾಯಿತು. “ನಿನ್ನ ಎದುರೇ ಡಬ್ಬಿ ಒಡ್ದು ಹಾಕ್ದೆ ಕಣಾ. ನೀನು ಹೊಸ ಇಂಜಿನ್ ಅಂತ ನೋಡ್ದೆ ಏರಲ್ಲಿ ಎಳ್ದಿರ್ಬೇಕು.”

“ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ. ಮಲೆನಾಡಲ್ಲಿ ಏರು ಬಿಟ್ಟು ಇನ್ನೆಲ್ಲಿ ಓಡ್ಸೋದು? ಕಳ್ಳ ಮಾಲು ಹಾಕಿ ನನ್ನ ಹೊಟ್ಟೆ ಮೇಲೆ ಹೊಡ್ದೆ ನೀನು!”

ಅಷ್ಟು ಜನರ ಎದುರು ಆ ಮಾತು ಆಡಬಾರದಿತ್ತು. ಆಡುವಾಗಲೇ ಧರ್ಮೇಶನಿಗೆ ಗೊತ್ತಾಯಿತು, ಆದರೆ ಬಾಯಿಂದ ಬಿದ್ದ ಮಾತನ್ನು ಹೆಕ್ಕಿ ವಾಪಸ್ಸು ಹಾಕಿಕೊಳ್ಳಲು ಆಗುವುದಿಲ್ಲ. ಮಲ್ಲೇಶ ಕೀಯನ್ನು ಸೀಟಿನ ಮೇಲಿಟ್ಟ. “ಗಾಡಿ ತಗೊಂಡ್ಹೋಗು. ಇನ್ನು ಇದನ್ನ ನನ್ನ ಗ್ಯಾರೇಜಿಗೆ ತರ್ಬೇಡ. ನೀನೂ ಬರ್ಬೇಡ.”

ಅಲ್ಲಿಗೆ ರಿಪೇರಿಯ ದಾರಿ ಮುಚ್ಚಿತು. ಉಳಿದದ್ದು ಬದಲಾಯಿಸುವ ದಾರಿ. ಆ ದಾರಿಯಲ್ಲಿ ನಿಂತಿದ್ದವಳು ಬೆಳ್ಳಿ.

ಬೆಳ್ಳಿ ಅವರ ಕೊಟ್ಟಿಗೆಯ ಕಡಸು. ಕಸುಬು ಕಲಿತ ಹೊಸತರಲ್ಲಿ ಧರ್ಮೇಶ ತನ್ನ ಮನೆಯ ಹಸುವಿಗೇ ಹಾಕಿದ ಇಂಜೆಕ್ಷನ್ನಿಗೆ ಹುಟ್ಟಿದ್ದು. ಹಣೆಯಲ್ಲಿ ಬಿಳಿ ಬೊಟ್ಟು, ಎತ್ತರದ ನಿಲುವು, ರೇಷ್ಮೆಯಂಥ ಮೈ. ಈಗ ಚೊಚ್ಚಲ ಗಬ್ಬ. ಹೊಸಬರು ಯಾರಾದರೂ ಅವನ ಕೆಲಸದ ಬಗ್ಗೆ ಅನುಮಾನ ತೋರಿಸಿದರೆ ಅವನು ಮಾತಾಡುತ್ತಿರಲಿಲ್ಲ, ಕರೆದುಕೊಂಡು ಬಂದು ಬೆಳ್ಳಿಯನ್ನು ತೋರಿಸುತ್ತಿದ್ದ. ಅಂಗಡಿಗೆ ಬೋರ್ಡಿದ್ದ ಹಾಗೆ ಅವನಿಗೆ ಬೆಳ್ಳಿ. ಕೃಷ್ಣಪ್ಪಗೌಡರು ಅವಳ ಮೇಲೆ ಕಣ್ಣಿಟ್ಟು ವರ್ಷವಾಗಿತ್ತು.

ಬೆಳ್ಳಿಯನ್ನು ಕೊಡುತ್ತೇನೆ ಎಂದು ಧರ್ಮೇಶ ಗೌಡರಿಗೆ ಫೋನು ಮಾಡಿದ. ಶನಿವಾರ ಬೆಳಿಗ್ಗೆ ಪಿಕಪ್ ತರುತ್ತೇನೆ ಎಂದರು ಗೌಡರು. ಆ ದುಡ್ಡು ಹಿಡಿದು ಹಾಗೇ ಮೂಡಿಗೆರೆಗೆ ಹೋಗಿ ಹಳೆಯ ಬೈಕು ಕೊಟ್ಟು ಹೊಸದು ತರುವುದೆಂದು ತೀರ್ಮಾನವಾಯಿತು. ಭವ್ಯ ಹೂಂ ಎಂದಳು, ಆದರೆ ಹೊಸ ಗಾಡಿಯ ಬಣ್ಣ ಯಾವುದು ಎಂದು ಕೂಡ ಕೇಳಲಿಲ್ಲ.

ತಮ್ಮಯ್ಯನವರಿಗೆ ಸುದ್ದಿ ತಿಳಿದದ್ದು ಹುಲ್ಲು ಹಾಕುವಾಗ.

“ಬೆಳ್ಳೀನ ಕೊಡೋದು ಬ್ಯಾಡ ಕಣಾ. ಗಾಡಿ ಸರಿ ಆಗ್ತದೆ.”

“ಹೆಂಗೆ ಆಗ್ತದೆ? ನೀನೇನು ಮಂತ್ರ ಹಾಕ್ತೀಯಾ?”

ತಮ್ಮಯ್ಯ ಕೈಯಲ್ಲಿದ್ದ ಹುಲ್ಲನ್ನು ಗೋದಲಿಗೆ ಹಾಕಿದರು. ಆಮೇಲೆ, ರೂಢಿಯ ಹಾಗೆ, “ಆಯಿಲ್ ಏನಾದ್ರೂ ಕಮ್ಮಿ...” ಎಂದು ಶುರುಮಾಡಿದರು. ಧರ್ಮೇಶ ಅಷ್ಟರಲ್ಲಿ ಬೆನ್ನು ತಿರುಗಿಸಿ ಹೋಗಿಯಾಗಿತ್ತು.

ಶನಿವಾರ ಬೆಳಕು ಹರಿಯುವ ಮೊದಲೇ ಅವನಿಗೆ ಎಚ್ಚರವಾಯಿತು. ಮಲಗಿದಲ್ಲೇ ಹೊರಳಾಡುವುದಕ್ಕಿಂತ ಬೆಳ್ಳಿಗೆ ಒಂದು ಹಿಡಿ ಹಿಂಡಿ ಕೊಟ್ಟು ಬರೋಣ ಎಂದು ಎದ್ದ. ಚಳಿಯಿತ್ತು, ಅಂಗಳದ ಮೇಲೆ ಮಂಜು ಕವಿದಿತ್ತು. ಹಿಂಬಾಗಿಲಿನಿಂದ ಹೊರಬಂದವನಿಗೆ ಬೈಕು ನಿಲ್ಲಿಸುವ ಚಾವಡಿಯ ಕಡೆ ಟಾರ್ಚಿನ ಬೆಳಕು ಕಂಡಿತು.

ಅಪ್ಪ. ತಲೆಗೆ ಟವೆಲು ಸುತ್ತಿಕೊಂಡು, ಬೈಕಿನ ಪೆಟ್ರೋಲ್ ಟ್ಯಾಂಕಿನ ಬಾಯಿ ತೆರೆದು ಬಗ್ಗಿದ್ದರು. ಗೋಡೆಯ ಮೊಳೆಗೆ ನೇತುಹಾಕಿರುತ್ತಿದ್ದ ಕೀ ಟ್ಯಾಂಕಿನ ಮುಚ್ಚಳದಲ್ಲಿತ್ತು. ಪಕ್ಕದಲ್ಲಿ ಒಂದು ಸಣ್ಣ ಬಾಟಲಿ. ಕೆಲವು ತಿಂಗಳ ಹಿಂದೆ ತೋಟಕ್ಕೆಂದು ಕೊಂಡ ಕಳೆ ಹೊಡೆಯುವ ಮಿಷನ್ನಿನ ಪೆಟ್ರೋಲಿಗೆ ಬೆರೆಸಲೆಂದು ತಂದಿಟ್ಟ ಆಯಿಲ್ ಅದು. ತಮ್ಮಯ್ಯ ಬಾಟಲಿಯ ಮುಚ್ಚಳಕ್ಕೆ ಅದನ್ನು ಒಂದು ತೊಟ್ಟೂ ಚೆಲ್ಲದ ಹಾಗೆ ಸುರಿದು, ಮುಚ್ಚಳವನ್ನು ಟ್ಯಾಂಕಿಗೆ ಬಗ್ಗಿಸಿದರು. ಇನ್ನೊಂದು ಮುಚ್ಚಳ. ಮತ್ತೊಂದು. ಆಮೇಲೆ ಟ್ಯಾಂಕಿನ ಬಾಯಿಯನ್ನು ಟವೆಲಿನ ತುದಿಯಿಂದ ಒರೆಸಿದರು.

ಧರ್ಮೇಶ ಕಲ್ಲಿನ ಹಾಗೆ ನಿಂತುಬಿಟ್ಟ. ಕಳೆ ಮಿಷನ್ನಿಗಾದರೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು. ಅಪ್ಪ ಓಡಿಸಿದ ಆ ಕಾಲದ ಬೈಕಿಗೂ ಹಾಗೇ ಬೆರೆಸಬೇಕಿತ್ತು. ಈಗಿನ ಬೈಕಿಗೆ ಆಯಿಲ್ ಹೋಗುವ ದಾರಿಯೇ ಬೇರೆ, ಪೆಟ್ರೋಲಿನ ಜೊತೆ ಹೋದರೆ ಅದು ಉರಿದು ಹೊಗೆಯಾಗುತ್ತದೆ, ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಏರಿನಲ್ಲಿ ಉಸಿರು ಕಟ್ಟುತ್ತದೆ. ಅಪ್ಪ ಸಂಸೆಯಲ್ಲಿದ್ದಷ್ಟು ದಿನ ಗಾಡಿ ಯಾಕೆ ಅಷ್ಟು ಚೆನ್ನಾಗಿ ಓಡಿತು ಎನ್ನುವುದು ಈಗ ತಿಳಿಯಿತು.

“ಅಪ್ಪಾ!”

ಅವನ ಕೂಗಿಗೆ ಕೊಟ್ಟಿಗೆಯ ಹಸುಗಳು ಎದ್ದು ನಿಂತವು. ತಮ್ಮಯ್ಯ ಬೆಚ್ಚಿಬಿದ್ದರು, ಆದರೆ ಕೈಯಲ್ಲಿದ್ದ ಮುಚ್ಚಳ ಬಿಡಲಿಲ್ಲ.

“ಎಂತ ಮಾಡ್ತಾ ಇದ್ದೀಯಾ ನೀನು? ಎಷ್ಟು ದಿನದಿಂದ ಹಾಕ್ತಾ ಇದ್ದೀಯಾ?”

“ಮಿಷನ್ ತಂದಾಗಿಂದ. ಈ ಆಯಿಲ್ ಕಂಡಿದ್ದೇ ಆಗ. ಮೊದ್ಲು ಒಂದೇ ಮುಚ್ಚಳ ಹಾಕ್ತಿದ್ದೆ. ಹೊಗೆ ಬಂತಲ್ಲ, ಇಂಜಿನ್ ಒಣಗಿದೆ ಅಂತ ಎರಡು ಮಾಡ್ದೆ. ಬೆಳ್ಳೀನ ಕೊಡ್ತೀನಿ ಅಂದೆಯಲ್ಲ ನೀನು, ಅವತ್ತಿಂದ ಮೂರು.”

“ಅದ್ರಿಂದಲೇ ಹೊಗೆ ಬರ್ತಾ ಇರೋದು! ಇದು ನಿನ್ನ ಕಾಲದ ಗಾಡಿ ಅಲ್ಲ ಅಪ್ಪ. ಇದಕ್ಕೆ ಪೆಟ್ರೋಲಿಗೆ ಆಯಿಲ್ ಬೆರೆಸಬಾರ್ದು. ಇಂಜಿನ್ ಹಾಳು ಮಾಡಿದ್ದು ನೀನೇ! ನನ್ನ ಕೆಲಸ ಹೋಯ್ತು, ಮಲ್ಲೇಶನ ಜೊತೆ ಜಗಳ ಆಯ್ತು, ಇವತ್ತು ಬೆಳ್ಳೀನೂ ಹೋಗ್ತಾಳೆ. ಎಲ್ಲ ನಿನ್ನಿಂದ!”

ಎಷ್ಟೋ ದಿನದಿಂದ ಯಾರ ಮೇಲೆ ಬಿಡುವುದೆಂದು ತಿಳಿಯದೆ ಕಟ್ಟಿಟ್ಟುಕೊಂಡಿದ್ದ ಸಿಟ್ಟೆಲ್ಲ ಒಂದೇ ಉಸಿರಿಗೆ ಹೊರಬಂತು. ತಮ್ಮಯ್ಯ ಮುಚ್ಚಳ ಹಿಡಿದೇ ನಿಂತಿದ್ದರು. ಟಾರ್ಚು ನೆಲಕ್ಕೆ ಬೆಳಕು ಬಿಡುತ್ತಿತ್ತು. ಅವರ ಮುಖ ಸರಿಯಾಗಿ ಕಾಣುತ್ತಿರಲಿಲ್ಲ.

“ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್ ಚೌಡಯ್ಯ ಅಂತ ಇದ್ರು,” ಎಂದರು ಮೆಲ್ಲಗೆ. “ಒಂದು ದಿನ ನಾನು ಇಲ್ದಾಗ ಎಸ್ಟೇಟ್ ಗಾಡಿ ತಗೊಂಡು ಹೋದ್ರು. ಆಯಿಲ್ ಬೆರೆಸ್ಬೇಕು ಅಂತ ಗೊತ್ತಿರ್ಲಿಲ್ಲ ಅವ್ರಿಗೆ. ತಿರುವಲ್ಲಿ ಇಂಜಿನ್ ಗಪ್ ಅಂತ ಹಿಡ್ಕೊಂಡು, ಚಕ್ರ ನಿಂತು, ಮೋರಿ ಕೆಳಗೆ ಹೋಗಿ ಬಿದ್ರು. ಎತ್ತಿದ್ದು ನಾನೇ. ಬದುಕಿದ್ರು, ಆದ್ರೆ ಆಮೇಲೆ ಅವ್ರು ನೆಟ್ಟಗೆ ನಡೀಲಿಲ್ಲ. ನೀನು ದಿನಾ ಅಷ್ಟು ತಿರುವಲ್ಲಿ ಹೋಗ್ತೀಯ.”

“ಹಾಗಾದ್ರೆ ನನ್ನ ಒಂದು ಮಾತು ಕೇಳ್ಬೇಕಿತ್ತು ತಾನೆ?”

“ಕೇಳ್ದೆನಲ್ಲ. ಆಯಿಲ್ ಹಾಕ್ತೀಯಾ ಅಂತ ದಿನಾ ಕೇಳ್ದೆ. ಒಂದು ದಿನ ಆದ್ರೂ ಹೌದು ಅಂದಿದ್ದೀಯಾ, ಇಲ್ಲ ಅಂದಿದ್ದೀಯಾ?”

ಧರ್ಮೇಶನ ಬಾಯಲ್ಲಿ ಇನ್ನೂ ಬೇಕಾದಷ್ಟು ಬೈಗುಳ ಉಳಿದಿತ್ತು. ಆದರೆ ಬೈಗುಳಕ್ಕೆ ತಕ್ಕವರು ಅಪ್ಪ ಒಬ್ಬರೇ ಆಗಿರಲಿಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು ಎಂದು ಇಡೀ ವರ್ಷ ಕೇಳಿದ ಪ್ರಶ್ನೆ. ‘ಇದಕ್ಕೆ ಬೇಡ ಅಪ್ಪ’ ಎಂದು ಒಂದು ದಿನ, ಒಂದೇ ಒಂದು ದಿನ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು, ಅಪ್ಪನ ಮೇಲೆ ಸಿಟ್ಟೂ ಇಳಿಯಲಿಲ್ಲ. 

ಅವನು ಬಕೆಟ್ಟು ತಂದು ಟ್ಯಾಂಕಿನ ಕೆಳಗಿನ ಪೈಪು ಬಿಚ್ಚಿದ. ಪೆಟ್ರೋಲೆಲ್ಲ ಬಕೆಟ್ಟಿಗೆ ಇಳಿಯಿತು. ಖಾಲಿಯಾಗುವವರೆಗೆ ತಮ್ಮಯ್ಯ ಟಾರ್ಚನ್ನು ಸರಿಯಾದ ಜಾಗಕ್ಕೆ ಹಿಡಿದಿದ್ದರು. ಪ್ಲಗ್ಗನ್ನು ಉಪ್ಪುಕಾಗದದಲ್ಲಿ ತಿಕ್ಕಿ, ಮಿಷನ್ನಿಗೆಂದು ಇಟ್ಟಿದ್ದ, ಆಯಿಲ್ ಬೆರೆಸದ ಪೆಟ್ರೋಲನ್ನು ಟ್ಯಾಂಕಿಗೆ ಹಾಕಿ, ಧರ್ಮೇಶ ಕಿಕ್ಕರ್ ಒದ್ದ. ಮೊದಲು ಉಳಿದಿದ್ದ ಹೊಗೆ ಬಂತು. ಬಿಡದೆ ಓಡಿಸಿದ. ಬೆಳಕು ಹರಿಯುವಷ್ಟರಲ್ಲಿ ಹೊಗೆ ತೆಳ್ಳಗಾಗಿ, ಕೊನೆಗೆ ಮಂಜು ಯಾವುದು ಹೊಗೆ ಯಾವುದು ಎಂದು ತಿಳಿಯದಂತಾಯಿತು.

ಕೃಷ್ಣಪ್ಪಗೌಡರ ಪಿಕಪ್ ಬಂದಾಗ ಧರ್ಮೇಶ ಕೈಮುಗಿದು ಬೆಳ್ಳಿಯನ್ನು ಕೊಡುವುದಿಲ್ಲ ಎಂದ. ಗೌಡರು ಹೊಸ ಹಗ್ಗ, ಕೊರಳಿಗೆ ಗಂಟೆ ಎಲ್ಲ ತಂದಿದ್ದರು.

“ನಿನ್ನ ಗಾಡಿ ಹಂಗೇ ನಿನ್ನ ಮಾತು ಮಾರಾಯ, ಅರ್ಧ ದಾರೀಲಿ ನಿಲ್ತದೆ,” ಎಂದು ಗಂಟೆಯನ್ನು ಪಿಕಪ್ಪಿನೊಳಗೆ ಎಸೆದು ಹೊರಟುಹೋದರು. ಅದನ್ನೂ ಅವನು ನುಂಗಿಕೊಂಡ.

ಆದರೆ ಮಲ್ಲೇಶನ ಹತ್ತಿರ ಹೋಗಲೇಬೇಕಿತ್ತು. ಅಷ್ಟು ಜನರ ಎದುರು ಕಳ್ಳ ಎಂದವನು ಅಷ್ಟೇ ಜನರ ಎದುರು ತಪ್ಪಾಯಿತು ಎನ್ನಬೇಕು. ಅವನು ಮೋಸ ಮಾಡಿರಲಿಲ್ಲ, ಆದದ್ದು ಇದು ಎಂದು ಹೇಳಬೇಕು. ದಾರಿಯುದ್ದಕ್ಕೂ ಹೇಳುವ ಮಾತು ಜೋಡಿಸಿಕೊಂಡ. ಬೈಕು ಏರಿನಲ್ಲಿ ಗಾಳಿಯ ಹಾಗೆ ಹೋಯಿತು. ಅದನ್ನು ಅನುಭವಿಸುವ ಮನಸ್ಸೇ ಅವನಿಗಿರಲಿಲ್ಲ. ಗ್ಯಾರೇಜಿನ ಮುಂದೆ ಇಳಿದಾಗ ಹೋಟೆಲಿನ ಬೆಂಚು ಎಂದಿನಂತೆ ತುಂಬಿತ್ತು. ಈ ಬೆಂಚಿಗೆ ಅಪ್ಪನ ಹೆಸರು ಸಿಕ್ಕಿದರೆ ಸಾಯುವವರೆಗೂ ಬಿಡುವುದಿಲ್ಲ, ಮುದುಕ ಸಂತೆಗೆ ಬಂದರೆ ಆಯಿಲ್ ತಮ್ಮಯ್ಯ ಎಂದು ಕೂಗುತ್ತಾರೆ. ಇಷ್ಟು ವರ್ಷ ಗಾಡಿ ಓಡಿಸಿದ ಒಂದೇ ಹೆಮ್ಮೆ ಆ ಜೀವಕ್ಕೆ ಇರುವುದು.

“ಮಲ್ಲೇಶ, ತಪ್ಪು ನಿಂದಲ್ಲ,” ಎಂದ ಎಲ್ಲರಿಗೂ ಕೇಳುವ ಹಾಗೆ. “ನಾನೇ. ಕಳೆ ಮಿಷನ್ನಿನ ಆಯಿಲ್ ಗಾಡಿ ಟ್ಯಾಂಕಿಗೆ ಹಾಕ್ತಾ ಇದ್ದೆ. ಇಂಜಿನ್ನಿಗೆ ಒಳ್ಳೇದು ಅನ್ಕೊಂಡು.”

 ಬೆಂಚಿಗೆ ಬೆಂಚೇ ನಕ್ಕಿತು. ಮಲ್ಲೇಶ ಮಾತ್ರ ಮೊದಲು ನಗಲಿಲ್ಲ, ಧರ್ಮೇಶನನ್ನು ತಲೆಯಿಂದ ಕಾಲಿನವರೆಗೆ ನೋಡಿದ. “ನಿನ್ನ ಕೈಗೆ ಹಸು ಕೊಡ್ತಾರಲ್ಲ ಮಾರಾಯ ಜನ, ಅವರ ಧೈರ್ಯ ಮೆಚ್ಚಬೇಕು,” ಎಂದ. ಆಮೇಲೆ ಅವನೂ ನಕ್ಕು, ಪ್ಲಗ್ ಬಿಚ್ಚಿ ಹೊಸದು ಹಾಕಿಕೊಟ್ಟ. ಜಗಳ ತೀರಿತು, ಗೇಲಿ ಶುರುವಾಯಿತು.

ಆ ಗೇಲಿ ಹಾಲಿನ ಸೊಸೈಟಿಗೆ ಅವನಿಗಿಂತ ಮೊದಲೇ ಮುಟ್ಟಿತ್ತು. ಕೊಟ್ಟಿಗೆ ಕೊಟ್ಟಿಗೆಯಲ್ಲೂ ಅದೇ ಮಾತು. “ಹಸುವಿಗೆ ಎಲ್ಲಿಗೆ ಹಾಕ್ಬೇಕು ಅಂತ ಆದ್ರೂ ಗೊತ್ತಿದೆ ತಾನೆ?” ಎಂದು ತುಂಗಮ್ಮನವರೇ ಕೇಳಿದರು. ಭವ್ಯಳಿಗೆ ನಿಜ ಗೊತ್ತಿತ್ತು, ಅವಳು ತುಟಿ ಕಚ್ಚಿಕೊಂಡು ಹಾಲು ಅಳೆದಳು. ಧರ್ಮೇಶ ಹಲ್ಲು ಕಡಿದುಕೊಂಡು ಎಲ್ಲ ಕಡೆ ಹೌದು ಹೌದು ಎಂದ. ಫೋನುಗಳು ಮಾತ್ರ ಮತ್ತೆ ಬರತೊಡಗಿದವು.

ಎರಡು ದಿನದ ಮೇಲೆ ಮಲ್ಲೇಶನ ಫೋನು ಬಂತು.

“ಧರ್ಮೇಶ, ನಿಮ್ಮಪ್ಪ ಬಂದಿದ್ರು ಮಾರಾಯ. ಬಸ್ಸಲ್ಲಿ. ಅಷ್ಟು ಜನದ ಎದುರು ನಿಂತು, ‘ಆಯಿಲ್ ಹಾಕಿದ್ದು ನಾನು, ನನ್ನ ಮಗ ಅಲ್ಲ, ಅವನ್ನ ಯಾರೂ ನಗಾಡಬ್ಯಾಡಿ’ ಅಂದ್ರು.”

ಧರ್ಮೇಶ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ. “ಆಮೇಲೆ?”

“ಆಮೇಲೆ ಎಂತ? ನಂಗೆ ಅಷ್ಟೂ ಗೊತ್ತಾಗಲ್ವಾ? ಅಷ್ಟು ವರ್ಷ ಎಸ್ಟೇಟ್ ಗಾಡಿ ಓಡ್ಸಿದ ಮನುಷ್ಯ ಇಂಥ ಕೆಲಸ ಮಾಡ್ತಾರಾ? ಮಗನ ಮರ್ಯಾದೆ ಉಳಿಸೋಕೆ ಪಾಪ ಆ ವಯಸ್ಸಲ್ಲಿ ಸುಳ್ಳು ಹೇಳಿದಾರೆ. ಬೆಂಚಲ್ಲಿದ್ದೋರೆಲ್ಲ ಎದ್ದು ಜಾಗ ಕೊಟ್ರು, ಚಹಾ ಕುಡಿಸಿ ಕಳ್ಸಿದೀವಿ. ಅಂಥ ಅಪ್ಪನ ಹೊಟ್ಟೇಲಿ ನಿನ್ನಂಥ ಎಡವಟ್ಟ ಹೆಂಗೆ ಹುಟ್ಟಿದ ಮಾರಾಯ?”

ಧರ್ಮೇಶ ಬಾಯಿ ತೆರೆದ. ಹೇಳಲೇಬೇಕೆನಿಸಿತು, ಕೂಗಿ ಹೇಳಬೇಕೆನಿಸಿತು. “ಹೌದು ಮಾರಾಯ,” ಎಂದು ಫೋನಿಟ್ಟ.

ಸಂಜೆ ಮನೆಗೆ ಬಂದಾಗ ತಮ್ಮಯ್ಯ ಕೊಟ್ಟಿಗೆಯ ಮುಂದೆ ಬೆಳ್ಳಿಯ ಮೈ ಉಜ್ಜುತ್ತಿದ್ದರು. ಗ್ಯಾರೇಜಿಗೆ ಹೋದ ಸುದ್ದಿ ಅವರು ಎತ್ತಲಿಲ್ಲ, ಇವನೂ ಎತ್ತಲಿಲ್ಲ. ಬೈಕು ನಿಲ್ಲಿಸಿ ಕ್ಯಾನು ಇಳಿಸುವಾಗ ಅವರು ಕೈಯಲ್ಲಿದ್ದ ತೆಂಗಿನ ಸಿಪ್ಪೆ ಕೆಳಗಿಟ್ಟರು. ಕೇಳಲೋ ಬೇಡವೋ ಎಂದು ಒಂದು ಕ್ಷಣ ತಡೆದರು.

“ಆಯಿಲ್... ಸರಿ ಇದೆಯೇನಾ ಗಾಡೀದು?”

ಧರ್ಮೇಶ ಕ್ಯಾನನ್ನು ಜಗಲಿಯ ಮೇಲಿಟ್ಟು ವಾಪಸ್ಸು ಬಂದ. “ಬಾ ಅಪ್ಪ, ನೋಡೋಣ,” ಎಂದು ಬೈಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತ. ತಮ್ಮಯ್ಯ ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಪಕ್ಕದಲ್ಲಿ ಕೂತರು. ಇಂಜಿನ್ನಿನ ಪಕ್ಕದ ಮುಚ್ಚಳ ತಿರುಗಿಸಿ, ಅದಕ್ಕೆ ಅಂಟಿದ ಕಡ್ಡಿಯನ್ನು ಒರೆಸಿ, ಅದ್ದಿ, ಆಯಿಲ್ ಎಲ್ಲಿಯವರೆಗೆ ಬಂದಿದೆಯೆಂದು ಅವರ ಕಣ್ಣ ಮುಂದೆ ಹಿಡಿದ.

“ಇಲ್ಲಿಂದಲೇ ಹಾಕೋದು. ಈ ಗೆರೆಗಿಂತ ಕೆಳಗೆ ಬಂದ್ರೆ ಮಾತ್ರ. ಈಗ ಸಮ ಇದೆ. ಇನ್ನು ದಿನಾ ನೋಡೋದು ನಿನ್ನ ಕೆಲಸ.”

ತಮ್ಮಯ್ಯ ಕಡ್ಡಿಯನ್ನು ತಾವೇ ಇಸಿದುಕೊಂಡು, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದರು. ಆಮೇಲೆ ಮಗನ ಕಡೆ ತಿರುಗಿದರು.

“ಇಷ್ಟೇನಾ? ಇದನ್ನ ಮೊದ್ಲೇ ಹೇಳಿದ್ರೆ ಆಗ್ತಿರ್ಲಿಲ್ವೇನಾ ನಿಂಗೆ?”